ಸಾಬು ಫೋಟೋದ ಹಿಂಬದಿ

ಹಳೇ ಹಾಲಿವುಡ್ ಸ್ಟುಡಿಯೋಗಳು ಪ್ರಚಾರಕ್ಕೆಂದು ಪತ್ರಿಕೆಗಳಿಗೆ ಪುಕ್ಕಟೆ ಹಂಚುತ್ತಿದ್ದ ನಟನಟಿಯರ ಫೋಟೋಗಳನ್ನು ನಾನು ಕೂಡಿಡುತ್ತೇನೆ. 8 ಇಂಚು ಅಗಲ, 10 ಇಂಚು ಉದ್ದದ ಕಪ್ಪು-ಬಿಳುಪು ಪ್ರಿಂಟುಗಳು. ಗ್ರೇಟಾ ಗಾರ್ಬೋ, ಜೋನ್ ಕ್ರಾಫರ್ಡ್ ಅಂದರೆ ಎಲ್ಲರೂ ಮುಗಿಬೀಳುತ್ತಾರೆ. ಸ್ಟುಡಿಯೋ ಫೋಟೋಗ್ರಾಫರ್ ಜಾರ್ಜ್ ಹರೆಲ್ ತೆಗೆದ ಫೋಟೋದ ಆ ಕಾಲದ್ದೇ ಪ್ರಿಂಟಾದರೆ ಬೆಲೆ ಕೇಳೋದೇ ಬೇಡ. ನಾನು ಹುಡುಕುವುದು ಮಾತ್ರ ಸಾಬುವನ್ನು. 1924ರಲ್ಲಿ ನಮ್ಮ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಅವನು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ಚಿತ್ರೀಕರಿಸಿದ, ಅವನು ನಟಿಸಿದ ಮೊದಲ ಸಿನಿಮಾ 'ಎಲಿಫೆಂಟ್ ಬಾಯ್' 1937ರಲ್ಲಿ ಬಿಡುಗಡೆಯಾಯಿತು. ಅಲ್ಲಿಂದ ಲಂಡನ್, ಆಮೇಲೆ ಹಾಲಿವುಡ್.

ಕಳೆದ ಚಳಿಗಾಲದಲ್ಲಿ ಅಪ್ಪ ಮೈಸೂರಿಂದ ಬಂದಿದ್ದರು. ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಹಳೇ ಕಾಗದ-ಪತ್ರಗಳ ಮೇಳ ಇತ್ತು. ಅವರನ್ನೂ ಕರೆದುಕೊಂಡು ಹೋದೆ. ಉದ್ದಕ್ಕೂ ಮೇಜುಗಳು, ಮೇಜಿನ ತುಂಬ ರಟ್ಟಿನ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ನಟರ ಹೆಸರಿನ ಅಕ್ಷರಕ್ಕೆ ತಕ್ಕಂತೆ ಜೋಡಿಸಿದ ಫೋಟೋಗಳು. ವ್ಯಾಪಾರಿ ವಯಸ್ಸಾದವರು. ಅಪ್ಪನಿಗೆ ತಾವೇ ಒಂದು ಕುರ್ಚಿ ಎಳೆದು ಹಾಕಿದರು.

ನಾನು ಎರಡು ಸಾಬು ಚಿತ್ರಗಳನ್ನು ಹೊರಗೆಳೆದೆ. ಅಪ್ಪ ಬಗ್ಗಿ ನೋಡಿ, "ಇವ್ನು ನಮ್ಮ ಕಾರಾಪುರದ ಹುಡುಗ ಅಲ್ವೇನೋ?" ಅಂದರು. ಆ ಹಾಲ್‌ನಲ್ಲಿ ಕಾರಾಪುರದ ಹೆಸರು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳೋಕಾಗಲ್ಲ.

ಮೊದಲನೆಯದು ಥಳಥಳ ಅನ್ನುತ್ತಿತ್ತು. ನನ್ನ ಹತ್ತಿರ ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಇರುತ್ತದೆ. ವ್ಯಾಪಾರಿಯನ್ನು ಕೇಳಿ, ಫೋಟೋವನ್ನು ಮೇಜಿನ ಬಟ್ಟೆಯ ಮರೆಗೆ ಹಿಡಿದು ಟಾರ್ಚ್ ಬಿಟ್ಟೆ. ಕಾಗದ ತಿಳಿನೀಲಿಯಾಗಿ ಹೊಳೆಯಿತು. ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸಲು ಶುರುವಾಗಿದ್ದು 1950ರ ಆಸುಪಾಸು. ಹಾಗಾಗಿ ಅದು ಫೋಟೋ ತೆಗೆದ ಕಾಲದ್ದೇ ಪ್ರಿಂಟ್ ಆಗಿರಲು ಸಾಧ್ಯವೇ ಇಲ್ಲ. ವಾಪಸ್ ಇಟ್ಟೆ. ಎರಡನೆಯದು ಹೊಳೆಯಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಜಾಗಗಳಲ್ಲಿ ತೆಳ್ಳಗೆ ಬೆಳ್ಳಿ ಮಿಂಚು. ಕಾಗದದ ಮೇಲೆ ಚಿತ್ರ ಮೂಡಿಸಿದ ಬೆಳ್ಳಿ ವರ್ಷ ಕಳೆದ ಹಾಗೆ ಹೀಗೆ ಮೇಲಕ್ಕೆದ್ದು ಬರುತ್ತದೆ. ಇದು ಅಸಲಿ.

ತಲೆಗೆ ದೊಡ್ಡ ಮುಂಡಾಸು, ತೆರೆದ ಎದೆ, ಮೇಲಿಂದ ಬಿದ್ದ ಬೆಳಕು. ಮುಖದ ಮೇಲೆ ಒಂದು ಕಲೆ ಇಲ್ಲ. ಆಗ ನೆಗೆಟಿವ್ ಮೇಲೆಯೇ ಸೀಸದ ಕಡ್ಡಿಯಿಂದ ತಿದ್ದಿ ಚರ್ಮ ನುಣುಪು ಮಾಡುತ್ತಿದ್ದರು. ಕ್ರಾಫರ್ಡ್ ಮುಖದ ಕಂದು ಚುಕ್ಕೆಗಳು ಚಿತ್ರದಲ್ಲಿ ಮಾಯವಾಗುತ್ತಿದ್ದದ್ದೂ ಹೀಗೇ. ಅಪ್ಪನ ಕಣ್ಣು ಮಾತ್ರ ಮುಂಡಾಸಿನ ಮೇಲಿತ್ತು. "ನಮ್ಮ ಕಡೆ ಮಾವುತರು ಯಾರೂ ಹೀಗೆ ಕಟ್ಟಿದ್ದು ನಾನು ನೋಡಿಲ್ಲ," ಅಂದರು. ಮುಖದ ಸುತ್ತ ಕಿತ್ತಳೆ ಬಣ್ಣದ ಮೇಣದ ಪೆನ್ಸಿಲಿನ ಗೀಟು. ಪತ್ರಿಕೆಯವರು ಇಷ್ಟೇ ಭಾಗ ಅಚ್ಚಾಗಲಿ ಅಂತ ಎಳೆದದ್ದು.

ಇಂಥ ಫೋಟೋ ಕೈಗೆ ಬಂದರೆ ಹಿಂಬದಿ ನೋಡಲೇಬೇಕು. ತಿರುಗಿಸಿದೆ. ಸ್ಟುಡಿಯೋದವರು ಅಂಟಿಸಿದ ವಿವರದ ಚೀಟಿ ಕಂದು ಬಣ್ಣಕ್ಕೆ ತಿರುಗಿತ್ತು. ಯೂನಿವರ್ಸಲ್ ಸ್ಟುಡಿಯೋ, 'ಅರೇಬಿಯನ್ ನೈಟ್ಸ್', ಫೋಟೋ ತೆಗೆದವರು ರೇ ಜೋನ್ಸ್. ಅದರ ಕೆಳಗೆ ಯಾವುದೋ ಪತ್ರಿಕೆಯ ಗ್ರಂಥಾಲಯದ ಮೊಹರುಗಳು. ಚಿತ್ರವನ್ನು ಬಳಸಿದಾಗಲೆಲ್ಲ ತಾರೀಕು ಒತ್ತುತ್ತಿದ್ದರು. ಮೊದಲನೆಯದು 1942. ಕೊನೆಯದು 1963ರ ಡಿಸೆಂಬರ್ 3.

ಸಾಬು ತೀರಿಕೊಂಡದ್ದು ಡಿಸೆಂಬರ್ 2ರಂದು, ಹೃದಯಾಘಾತದಿಂದ. ವಯಸ್ಸು 39.

ಈ ಎರಡು ಮೊಹರುಗಳ ನಡುವೆ ಅವನ ಅರ್ಧ ಬದುಕೇ ಇದೆ. 1944ರಲ್ಲಿ ಅಮೆರಿಕದ ಪೌರನಾದ. ಸೇನೆಯ ವಾಯುದಳ ಸೇರಿದ. ಬಿ-24 ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಗನ್ ಹಿಡಿದು ಪೆಸಿಫಿಕ್ ಮೇಲೆ ಹಾರಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಮದುವೆಯಾದ, ಇಬ್ಬರು ಮಕ್ಕಳಾದರು. ಇಷ್ಟೆಲ್ಲ ಆದಮೇಲೂ ಸಾವಿನ ಸುದ್ದಿ ಬಂದ ದಿನ ಪತ್ರಿಕೆಯ ಕಚೇರಿಯಲ್ಲಿ ಯಾರೋ ಲಕೋಟೆ ತೆಗೆದು ಹದಿನೆಂಟರ ಹುಡುಗನನ್ನು ಆರಿಸಿದ್ದಾರೆ. ಅದೇ ಮುಂಡಾಸು, ಅದೇ ತೆರೆದ ಎದೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸ್ಟುಡಿಯೋ ಒಂದು ಸಿನಿಮಾ ಮಾರಲು ಮಾಡಿದ ಮುಖವೇ ಇಪ್ಪತ್ತೊಂದು ವರ್ಷ ಅವನ ಗುರುತಾಗಿ ಉಳಿದುಬಿಟ್ಟಿತು, ಅವನು ಏನೇ ಮಾಡಿದರೂ.

ಅಪ್ಪನಿಗೆ ವಿವರಿಸಿದೆ. ಕನ್ನಡಕ ಸರಿಮಾಡಿಕೊಂಡು ತಾರೀಕನ್ನು ತಾವೇ ಓದಿದರು. "ಪಾಪ, ಸಣ್ಣ ವಯಸ್ಸು," ಅಂದರು. ಸ್ವಲ್ಪ ಹೊತ್ತು ಫೋಟೋ ಅವರ ಕೈಯಲ್ಲೇ ಇತ್ತು.

ಗೀಟು, ಮೊಹರು ಇದೆಯಲ್ಲ ಅಂತ ವ್ಯಾಪಾರಿ 25 ಡಾಲರಿಗೆ ಕೊಟ್ಟರು. ಸಂಗ್ರಾಹಕರಿಗೆ ಸಾಮಾನ್ಯವಾಗಿ ಗುರುತಿಲ್ಲದ ಪ್ರಿಂಟೇ ಬೇಕು. ಗೀಟುಗಳನ್ನು ಒರೆಸಿ, ಚೀಟಿ ಬಿಡಿಸಿ ಮಾರುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಅನ್ಯಾಯ. ಆ ಗುರುತುಗಳನ್ನು ತೆಗೆದರೆ ಉಳಿಯುವುದು ಸ್ಟುಡಿಯೋ ಹೇಳಿದ ಮಾತು ಅಷ್ಟೇ. ಇದನ್ನು ಪಾಲಿಯೆಸ್ಟರ್ ಕವರಿನಲ್ಲಿ, ಹಿಂದೆ ರಟ್ಟು ಕೊಡದೆ, ಎರಡೂ ಬದಿ ಕಾಣುವ ಹಾಗೆ ಇಟ್ಟಿದ್ದೇನೆ.

ಸಾಬು ಸೇನೆಯ ಸಮವಸ್ತ್ರದಲ್ಲಿರುವ ಫೋಟೋ ಸಿಕ್ಕರೆ ದಯವಿಟ್ಟು ತಿಳಿಸಿ ಅಂತ ವ್ಯಾಪಾರಿಗೆ ಹೇಳಿದೆ. ಅವರು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು. ಅಪ್ಪ ಪಕ್ಕದಿಂದ ಅಂದರು: "ಆನೆ ಜೊತೆ ಇರೋದು ಸಿಕ್ಕಿದ್ರೂ ಹೇಳೋಕೆ ಹೇಳು. ಅದು ನಂಗೆ."