ಆಯಿಯ ಓಣಿ ತೆರೆಯುವ ತಾರೀಖು

ನವೆಂಬರ್ 1ರಂದು ಕಲಬುರಗಿಯಿಂದ ನನ್ನ ಮೊಬೈಲಿನ ತುಂಬ ರಾಜ್ಯೋತ್ಸವದ ಶುಭಾಶಯಗಳು, ಅರಿಸಿನ ಕುಂಕುಮದ ಬಾವುಟಗಳು. ಅದೇ ದಿನ ಇಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅನಹೈಮ್‌ನ ಡಿಸ್ನಿಲ್ಯಾಂಡಿನಲ್ಲಿ ಹ್ಯಾಲೋವೀನಿನ ಕುಂಬಳಕಾಯಿಗಳನ್ನು ಇಳಿಸಿ ಕ್ರಿಸ್‌ಮಸ್ ಏರಿಸುವ ಕೆಲಸ ಶುರುವಾಗಿರುತ್ತದೆ. ತಿಂಗಳ ನಡುವೆ ಹಬ್ಬದ ಸಡಗರ ವಿಧಿವತ್ತಾಗಿ ಆರಂಭವಾಗುವ ತನಕ ಆ ಉದ್ಯಾನ ಮದುವೆಗೆ ಎರಡು ದಿನ ಮುಂಚಿನ ಮನೆಯಂತಿರುತ್ತದೆ. ಒಂದು ಕಡೆ ಹಂದರ ನಿಂತಿದೆ, ಇನ್ನೊಂದು ಕಡೆ ಏಣಿ ಒರಗಿದೆ, ನಡುವೆ ನೆಂಟರು ಓಡಾಡುತ್ತಿದ್ದಾರೆ. ದೂರದಿಂದ ಬರುವವರು ಈ ಎರಡು ವಾರ ಬೇಡ ಎನ್ನುತ್ತಾರೆ. ಅಷ್ಟು ಹಣ ತೆತ್ತು ಕ್ರೇನ್ ನೋಡುವುದೇಕೆ ಎಂಬುದು ಅವರ ವಾದ. ವರ್ಷದ ಪಾಸು ಇಟ್ಟುಕೊಂಡಿರುವ ನನಗೆ ಮಾತ್ರ ಈ ದಿನಗಳೇ ಇಷ್ಟ.

ಕಾರಣವಿದೆ. ಉಳಿದ ದಿನಗಳಲ್ಲಿ ಆ ಜಾಗದಲ್ಲಿ ಕೆಲಸ ಎನ್ನುವುದು ಕಣ್ಣಿಗೇ ಬೀಳುವುದಿಲ್ಲ. ಗೇಟು ಮುಚ್ಚಿದ ಮೇಲೆ ಬೆಳಗಿನ ತನಕ ತೊಳೆಯುವವರು, ಬಣ್ಣ ಬಳಿಯುವವರು, ಹಳಿ ಪರೀಕ್ಷಿಸುವವರು ಬಂದು ಹೋಗುತ್ತಾರೆ. ಹಗಲು ಹೊತ್ತಿನಲ್ಲಿ ಮರೆಮಾಡಲಾಗದ ಬಾಗಿಲು, ಪೆಟ್ಟಿಗೆ, ಬೇಲಿಗಳಿಗೆ 'ಗೋ ಅವೇ ಗ್ರೀನ್' ಎಂಬ ಮಂಕು ಹಸಿರು ಬಣ್ಣ ಬಳಿದಿರುತ್ತಾರೆ. ನೋಟ ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. 2019ರಲ್ಲಿ ಉದ್ಯಾನದ 'ಸ್ಲೀಪಿಂಗ್ ಬ್ಯೂಟಿ' ಅರಮನೆಯನ್ನು ದುರಸ್ತಿ ಮಾಡುವಾಗ ಸಾರುವೆಯ ಮೇಲೆ ಅದೇ ಅರಮನೆಯ ಚಿತ್ರ ಮುದ್ರಿಸಿದ ಪರದೆ ಹೊದಿಸಿದ್ದರು. ಆ ಅರಮನೆಯೂ ಎಷ್ಟು ಎತ್ತರದ್ದು ಎಂದುಕೊಂಡಿರಿ? 77 ಅಡಿ. ನಮ್ಮ ಕೋಟೆ, ಗುಮ್ಮಟಗಳನ್ನು ಕಂಡ ಕಣ್ಣಿಗೆ ಮೊದಲ ಸಲ ಅದು ಆಟಿಕೆಯಂತೆಯೇ ಕಂಡಿತ್ತು.

ನವೆಂಬರಿನಲ್ಲಿ ಮಾತ್ರ ಆ ಮರೆ ಅಲ್ಲಲ್ಲಿ ಸರಿಯುತ್ತದೆ. ಮೇನ್ ಸ್ಟ್ರೀಟಿನಲ್ಲಿ 60 ಅಡಿಯ ಕ್ರಿಸ್‌ಮಸ್ ಮರ ಎದ್ದು ನಿಲ್ಲುತ್ತದೆ. ಅರಮನೆಯ ಗೋಪುರಗಳಿಗೆ ಹಿಮ ಏರಿಸುತ್ತಾರೆ. ಕೆಳಗೆ ನಾವು ಅರ್ಧ ತೋಳಿನ ಅಂಗಿ ತೊಟ್ಟು ಐಸ್‌ಕ್ರೀಮ್ ತಿನ್ನುತ್ತಿರುತ್ತೇವೆ. ಬಿಸಿಲಿನ ವಿಷಯದಲ್ಲಿ ಕಲಬುರಗಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಆದರೆ ಬಿಸಿಲಿನಲ್ಲಿ ಹಿಮ ಹೊರಿಸುವ ಕಲೆ ನಮಗೂ ಹೊಸದು.

ಈ ಸಲ ಒಂದು ಬೆಳಿಗ್ಗೆ ಅಂಗಡಿಯೊಂದರ ಸೂರಿನ ಬಳಿ ಎತ್ತುವ ಯಂತ್ರದ ತೊಟ್ಟಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಹಸಿರು ಹಾರವನ್ನು ಹಿಡಿದಿದ್ದ, ಇನ್ನೊಬ್ಬ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ಕೊಕ್ಕೆಗೆ ಬಿಗಿದು, ಉಳಿದ ಬಾಲವನ್ನು ಕತ್ತರಿಸಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ನೆಲಕ್ಕೆ ಒಂದು ಚೂರೂ ಬೀಳಲಿಲ್ಲ. ಹಾರದಲ್ಲಿ ಗೇಣುದ್ದ ದೀಪ ಉರಿಯದಿದ್ದಾಗ ಬಲ್ಬು ಹುಡುಕುವ ಗೋಜಿಗೇ ಹೋಗದೆ ಇಡೀ ಹಾರವನ್ನು ಇಳಿಸಿ ಹೊಸದನ್ನು ಏರಿಸಿದರು.

ಬ್ರಹ್ಮಪುರದ ನಮ್ಮ ಓಣಿಯ ತುದಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಚಾಚಾ ಇದನ್ನು ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಉರುಸು ಬರಲಿ, ಜಾತ್ರೆ ಬರಲಿ, ಗಣಪತಿ ಬರಲಿ, ಓಣಿಗೆ ಅವರದೇ ಲೈಟಿಂಗ್. ಆರು ವೋಲ್ಟಿನ ಪುಟ್ಟ ಬಲ್ಬುಗಳನ್ನು ನಲವತ್ತರಂತೆ ಒಂದರ ಬೆನ್ನಿಗೊಂದು ಬೆಸೆದರೆ ಮನೆಯ 240 ವೋಲ್ಟಿಗೆ ಲೆಕ್ಕ ಸರಿಹೋಗುತ್ತದೆ ಎಂದು ನನಗೆ ಮೊದಲು ಹೇಳಿದವರು ಅವರು. ಶಾಲೆಯಲ್ಲಿ ಆ ಪಾಠ ಬಂದದ್ದು ಆಮೇಲೆ. ನಲವತ್ತರಲ್ಲಿ ಒಂದು ಸತ್ತರೆ ಇಡೀ ಸರ ಕತ್ತಲು. ಆಗ ಚಾಚಾ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಎರಡೂ ತುದಿ ಸುಲಿದ ವೈರಿನ ತುಂಡನ್ನು ಒಂದೊಂದು ಬಲ್ಬಿನ ಕಾಲಿಗೂ ತಾಗಿಸುತ್ತ ಹೋಗುತ್ತಿದ್ದರು. ಸತ್ತ ಬಲ್ಬು ಸಿಕ್ಕ ಕ್ಷಣ ಉಳಿದ ಮೂವತ್ತೊಂಬತ್ತೂ ಫಕ್ಕನೆ ಹೊತ್ತಿಕೊಳ್ಳುತ್ತಿದ್ದವು, ಸುತ್ತ ಕುಳಿತ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಕರೆಂಟು ಹರಿಯುತ್ತಿರುವಾಗಲೇ ಬರಿಗೈಯಲ್ಲಿ ಆ ಕೆಲಸ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಇಲ್ಲಿನ ಆ ಇಬ್ಬರ ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ ಇತ್ತು. ಚಾಚಾನ ಬಳಿ ಇದ್ದದ್ದು ರಬ್ಬರ್ ಚಪ್ಪಲಿ ಮತ್ತು ಅಲ್ಲಾಹನ ಮೇಲಿನ ಭರವಸೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಗಳಿಗೆ ಅಂದು ಬೇಕಾಗಿದ್ದದ್ದು ದೋಣಿಯಲ್ಲಿ ಕುಳಿತು ಗೊಂಬೆಗಳನ್ನು ನೋಡುವ 'ಇಟ್ಸ್ ಎ ಸ್ಮಾಲ್ ವರ್ಲ್ಡ್'. 1997ರಿಂದ ಬಹುತೇಕ ಪ್ರತಿವರ್ಷ ಅದಕ್ಕೆ ಹಬ್ಬದ ವೇಷ ಹಾಕುತ್ತಾರೆ, ಅದಕ್ಕಾಗಿ ಕೆಲವು ದಿನ ಮುಚ್ಚುತ್ತಾರೆ. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಮೊಬೈಲ್ ಕಸಿದುಕೊಂಡು, ಮತ್ತೆ ತೆರೆಯುವ ದಿನ ನೋಡಿ, 'ಸರಿ, ಆಗ ಬರೋಣ' ಎಂದು ಮುಂದೆ ನಡೆದಳು. ತಾರೀಖು ಸಿಕ್ಕಿತು, ಸಿಟ್ಟು ಇಳಿಯಿತು.

ಆ ಭಾನುವಾರ ಕಲಬುರಗಿಗೆ ವಿಡಿಯೋ ಕರೆ. ಅವ್ವ ಮೊಬೈಲ್ ಹಿಡಿದು ಬಾಗಿಲಿಗೆ ಬಂದಾಗ ಹಿಂದೆ ಓಣಿ ಕಂಡಿತು, ಓಣಿಯ ನಡುವೆ ಅಗೆದ ಕಾಲುವೆಯೂ ಕಂಡಿತು. ಬೇಸಿಗೆ ರಜೆಗೆ ಹೋದಾಗ ಮಗಳು ದಾಟಿ ಆಡಿದ್ದ ಕಾಲುವೆಯೇ ಅದು. ಅವಳು ಪರದೆಗೆ ಮುಖ ಹತ್ತಿರ ತಂದು ಕೇಳಿದಳು: 'ಆಯಿ, ನಿಮ್ಮ ಓಣಿ ಯಾವಾಗ ತೆರೆಯುತ್ತದೆ?'

ಅವ್ವ ನಕ್ಕರು. 'ಅದು ಯಾರಿಗೆ ಗೊತ್ತು, ನನ್ನವ್ವಾ!' ಎಂದರು. ಮಗಳು ಬಿಡಲಿಲ್ಲ. ಯಾರೂ ಬರೆದಿಲ್ಲವೇ, ಗೋಡೆಯ ಮೇಲೆ ಹಾಕಿಲ್ಲವೇ ಎಂದು ಕೇಳಿದಳು. ಕಾಲುವೆಯನ್ನು ಮರೆಮಾಡುವ ಗೋಡೆಯೂ ಅಲ್ಲಿಲ್ಲ. ಹಗ್ಗವೂ ಇಲ್ಲ, ಕೆಂಪು ಬಟ್ಟೆಯ ಚೂರೂ ಇಲ್ಲ. ದಾಟಲು ಅವ್ವನೇ ಹಿತ್ತಿಲಲ್ಲಿ ಉಳಿದಿದ್ದ ಶಹಾಬಾದ್ ಫರ್ಸಿ ಕಲ್ಲೊಂದನ್ನು ಆಳು ಹಿಡಿದು ಕಾಲುವೆಯ ಮೇಲೆ ಹಾಕಿಸಿದ್ದಾರೆ. ಈಗ ಇಡೀ ಓಣಿಗೆ ಅದೇ ಸೇತುವೆ. ಹಾಲಿನವನ ಸೈಕಲ್ಲೂ ಅದರ ಮೇಲೆಯೇ. ಕಾಲುವೆ ನೀರಿನ ಪೈಪಿಗೋ ಒಳಚರಂಡಿಗೋ ಕೇಬಲ್ಲಿಗೋ ಎಂದು ಕೇಳಿದರೆ ಓಣಿಯಲ್ಲಿ ಮೂರು ಮನೆಗೆ ಮೂರು ಉತ್ತರ.

ಮಗಳ ಮಾತು ಹಾಸ್ಯವೆಂದು ಗಂಡ ನಕ್ಕರು. ನನಗೆ ಚುಚ್ಚಿತು, ಊರಿನ ಪರ ವಾದಕ್ಕೇ ಇಳಿದುಬಿಟ್ಟೆ. ನಿನ್ನ ಡಿಸ್ನಿಲ್ಯಾಂಡೇನು ಮುಗಿಸಿ ತೆರೆದದ್ದೇ ಎಂದೆ. ಒಂದು ವರ್ಷದಲ್ಲಿ ಕಟ್ಟಿ 1955ರ ಜುಲೈ 17ರಂದು ಬಾಗಿಲು ತೆರೆದಾಗ ಮೇನ್ ಸ್ಟ್ರೀಟಿನ ಡಾಂಬರು ಇನ್ನೂ ಹಸಿ. ಹೆಂಗಸರ ಹಿಮ್ಮಡಿ ಅದರಲ್ಲಿ ಹೂತುಹೋಯಿತು. ಕುಡಿಯುವ ನೀರಿನ ನಲ್ಲಿಗಳಲ್ಲಿ ಎಷ್ಟೋ ಕಡೆ ನೀರೇ ಬರಲಿಲ್ಲ. ಮಗಳು ಕೇಳಿಸಿಕೊಂಡು, 'ಆಮೇಲೆ ಸರಿ ಮಾಡಿದರಲ್ಲ' ಎಂದಳು. ವಾದ ಅಲ್ಲಿಗೆ ಮುಗಿಯಿತು.

ಆದರೆ ಅವಳಿಗೆ ಹೇಳದೆ ಉಳಿದ ವಿಷಯವೊಂದಿದೆ. ನಮ್ಮೂರಿಗೆ ತಾರೀಖು ಪಾಲಿಸಲು ಬರುವುದಿಲ್ಲ ಎನ್ನುವುದು ಸುಳ್ಳು. ಹೋಳಿಯಾದ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯಬೇಕು ಎಂದರೆ ಎಳೆದದ್ದೇ. ಬಡಿಗ ಬರಲಿಲ್ಲ, ಬಿಲ್ಲು ಪಾಸಾಗಲಿಲ್ಲ, ಬರುವ ವರ್ಷ ನೋಡೋಣ ಎಂದು ಯಾರಾದರೂ ಹೇಳಿದ್ದುಂಟೇ? ತೇರಿನ ಗಾಲಿ ನೋಡುವವರು, ಮಿಣಿ ಪರೀಕ್ಷಿಸುವವರು, ಹೂವಿನ ಹಾರ ಏರಿಸುವವರು ಎಲ್ಲರಿಗೂ ಆ ಸಂಜೆಯೇ ಗಡುವು; ಅಷ್ಟರೊಳಗೆ ಎಲ್ಲವೂ ಸಿದ್ಧ, ಉತ್ತತ್ತಿ ಬಾಳೆಹಣ್ಣು ಹಿಡಿದ ಲಕ್ಷಾಂತರ ಜನರೂ ಸಿದ್ಧ. ಬಂದೇನವಾಜರ ಉರುಸಂತೂ ಚಾಂದ್ರಮಾನದ ಹಬ್ಬ, ವರ್ಷವರ್ಷಕ್ಕೂ ಹಿಂದೆ ಸರಿಯುತ್ತದೆ. ಚಾಚಾ ಒಂದು ಸಲವೂ ದಿನ ತಪ್ಪಲಿಲ್ಲ. ಅವರು ಸರ ಕಟ್ಟುವುದನ್ನು ನಾವು ನೋಡುತ್ತಿದ್ದೆವು, ನಾವು ನೋಡುತ್ತಿದ್ದೇವೆ ಎಂದು ಅವರಿಗೂ ಗೊತ್ತಿತ್ತು. ಯಾರು ಕಟ್ಟುತ್ತಿದ್ದಾರೆ, ಯಾವ ದಿನಕ್ಕೆ ಎಂಬುದು ಓಣಿಯ ಮಗುವಿಗೂ ತಿಳಿದಿತ್ತು. ಕಾಲುವೆಗೆ ಇವೆರಡೂ ಇಲ್ಲ. ಅದಕ್ಕೆ ಹೆಸರೂ ಇಲ್ಲ, ದಿನವೂ ಇಲ್ಲ. ಅಗೆದವರು ಎದುರಿಗೆ ಬಂದರೂ ನಮಗೆ ಗುರುತಾಗುವುದಿಲ್ಲ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. 'ಅಲ್ಲಿ ಕುಳಿತು ನಿನಗೆ ಮಾತು ಸುಲಭ' ಎಂದ, ನಿಜವೇ. ಅರ್ಜಿ ಹಿಡಿದು ಎರಡು ಕಚೇರಿ ತಿರುಗಿದವನು ಅವನು. ಇಬ್ಬರೂ ಅದು ನಮ್ಮದಲ್ಲ, ಅವರದು ಎಂದು ಕಳುಹಿಸಿದ್ದರು. ಹಾಗಾದರೆ ಕಾಲುವೆ ಮುಚ್ಚಿ ಎಂದು ಕೇಳಲೇಬೇಡ ಅಣ್ಣ, ಕೆಲಸ ಯಾರದು, ಮುಗಿಯುವುದು ಯಾವಾಗ ಎಂಬ ಎರಡು ಸಾಲಿನ ಫಲಕವೊಂದನ್ನು ನೆಡಿ ಎಂದಷ್ಟೇ ಬರೆದುಕೊಡು ಎಂದೆ. ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ.

'ಕೊಡಬಹುದು' ಎಂದ. 'ಆದರೆ ಫಲಕ ನೆಡಲು ಇನ್ನೊಂದು ಗುಂಡಿ ಅಗೆಯುತ್ತಾರೆ.'