ಸೊನ್ನೆ ಎರರ್, ಸೊನ್ನೆ ಚಿತ್ರ

ನಮ್ಮ ಆಫೀಸಿನ ಶೀಟಿನಲ್ಲಿ ಒಂದು ಕಾಲಂ ಇದೆ: 'ಡೌನ್‌ಲೋಡ್ ಮುಗಿದಿದೆಯೇ?' ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹಾಕಬೇಕು. ವೆಬ್‌ಸೈಟನ್ನು ಇಡಿಯಾಗಿ ಕಾಪಿ ಮಾಡಿ ಇಳಿಸುವ ಎಚ್‌ಟಿಟ್ರ್ಯಾಕ್ ಅನ್ನೋ ಸಾಫ್ಟ್‌ವೇರ್ ಕೊನೆಗೆ 'ಮಿರರ್ ಕಂಪ್ಲೀಟ್, 0 ಎರರ್' ಅಂತ ಬರೆದರೆ ನಾವು 'ಹೌದು' ಹಾಕಿ ಮುಂದಿನ ಸಾಲಿಗೆ ಹೋಗುತ್ತೇವೆ. ಪ್ರತಿ ಸೋಮವಾರ ಮ್ಯಾನೇಜರ್ ಆ ಕಾಲಂ ಮಾತ್ರ ನೋಡುತ್ತಾರೆ. ಪೆನ್‌ಡ್ರೈವ್ ತೆರೆದು ನೋಡಿದ್ದನ್ನು ನಾನಂತೂ ಕಂಡಿಲ್ಲ.

ಶಿವಮೊಗ್ಗದಲ್ಲಿ ಕೂತು ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಿಗೆ ಪಾಠದ ವೆಬ್‌ಸೈಟುಗಳನ್ನು ಇಳಿಸಿ ಕೊಡೋದು ನಮ್ಮ ಕೆಲಸ. ಸೈಟಿನವರ ಒಪ್ಪಿಗೆ ತಗೊಂಡೇ ಇಳಿಸುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ಟವರೂ ಹೋಗುತ್ತದೆ. ಹಾಗಾಗಿ ಎಲ್ಲವೂ ಪೆನ್‌ಡ್ರೈವಿನಲ್ಲೇ ಇರಬೇಕು.

ಈ ಸಲದ್ದು ಮರಗಳ ಪಾಠ. ಆಫೀಸಿನಲ್ಲಿ ತೆರೆದಾಗ ಚಂದ ಬಂತು. ಮತ್ತಿ, ಹೊನ್ನೆ, ಬೀಟೆ, ಎಲ್ಲದರ ಎಲೆ, ತೊಗಟೆ, ಕಾಯಿ. ಒಂದೊಂದೇ ಪುಟ ತಿರುವಿ ನೋಡಿ, ಖುಷಿಯಲ್ಲಿ ಕಾಪಿ ಹೊಡೆದೆ.

ಹೊಸನಗರದ ಆಚೆಯ ಶಾಲೆಯಲ್ಲಿ ಇನ್ವರ್ಟರ್ ಮೇಲೆ ಪ್ರೊಜೆಕ್ಟರ್ ಓಡುತ್ತಿತ್ತು. ಹೊರಗೆ ಜಡಿಮಳೆ. ಮೊದಲ ಪುಟ ಬಂತು, ಲೋಗೋ ಬಂತು. ಮತ್ತಿ ಮರದ ಪುಟ ಒತ್ತಿದೆ. ಹೆಸರು ಇದೆ, ವಿವರಣೆ ಇದೆ, ಚಿತ್ರ ಇರಬೇಕಾದ ಕಡೆ ಹರಿದ ಕಾಗದದಂಥ ಸಣ್ಣ ಗುರುತು. ರಿಫ್ರೆಶ್ ಮಾಡಿದೆ. ಅದೇ ಗುರುತು. ಪೆನ್‌ಡ್ರೈವ್ ಕಿತ್ತು ಇನ್ನೊಂದು ಪೋರ್ಟಿಗೆ ಹಾಕಿದೆ. ಬ್ರೌಸರ್ ಬದಲಿಸಿದೆ. ಆಫೀಸಿನವರು ಅಗ್ಗಕ್ಕೆ ಸಿಕ್ಕಿತೆಂದು ತಂದ ಪೆನ್‌ಡ್ರೈವ್, ಅದೇ ಕೈಕೊಟ್ಟಿದೆ ಅಂತ ನನಗೆ ನೂರಕ್ಕೆ ನೂರು ನಂಬಿಕೆ. ಮನಸ್ಸಿನಲ್ಲೇ ಮ್ಯಾನೇಜರಿಗೆ ಮೇಲ್ ಬರೆದೂ ಆಗಿತ್ತು.

ಮಕ್ಕಳು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡತೊಡಗಿದರು. ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ, "ಎಂತ ಮಾರಾಯ್ರೆ, ಮತ್ತಿ ಎಲೆಗೆ ಇಷ್ಟೆಲ್ಲಾ ಯಾಕೆ? ಶಾಲೆ ಹಿಂದೇನೇ ಮರ ಇದೆ" ಅಂದರು. ನಗೋ ಸ್ಥಿತಿಯಲ್ಲಿ ನಾನಿರಲಿಲ್ಲ.

ಸುಮ್ನೆ ಹಳೆಯ ಪಾಠವೊಂದನ್ನು ಒತ್ತಿದೆ. ಅದರ ಚಿತ್ರಗಳೆಲ್ಲ ಇವೆ! ಪೆನ್‌ಡ್ರೈವ್ ಹಾಳಾಗಿದ್ದರೆ ಹಳೆಯ ಪಾಠ, ಹೊಸ ಪಾಠ ಅಂತ ಭೇದ ಮಾಡುತ್ತದಾ? ಆ ದಿನ ಹಳೆಯದನ್ನೇ ಪಾಠ ಮಾಡಿಸಿದೆವು. ಮಕ್ಕಳಿಗೆ ಬೇಸರ ಆದಂತೆ ಕಾಣಲಿಲ್ಲ. ಅವರು ಮೇಲ್ ಬರೆಯುವವರಲ್ಲವಲ್ಲ.

ವಾಪಸ್ ಬಂದು ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಕೋಡ್ ತೆಗೆದೆ. ಹಳೆಯ ಪಾಠದ ಚಿತ್ರಗಳ ವಿಳಾಸ ನಮ್ಮ ಫೋಲ್ಡರಿನದ್ದು. ಹೊಸದರದ್ದು ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ, ಅದೂ ಬೇರೆ ಸರ್ವರಿನದ್ದು. ಎಚ್‌ಟಿಟ್ರ್ಯಾಕ್ ತಾನು ಇಳಿಸದೆ ಬಿಟ್ಟಿದ್ದಕ್ಕೆ ಮೂಲ ವಿಳಾಸವನ್ನೇ ಉಳಿಸುತ್ತದೆ. ಆಫೀಸಿನ ವೈಫೈಯಲ್ಲಿ ಚಿತ್ರಗಳು ನೇರ ಇಂಟರ್ನೆಟ್‌ನಿಂದ ಬಂದು ಕೂತಿದ್ದವು. ನಾನು ಅವನ್ನೇ ನೋಡಿ ಚಂದ ಬಂತು ಅಂದಿದ್ದೆ.

ಯಾಕೆ ಬಿಟ್ಟಿತು? ಯಾವುದನ್ನು ಇಳಿಸಬಾರದು ಅಂತ ಸೈಟಿನವರು ಬರೆದಿಡುವ ರೋಬಾಟ್ಸ್ ಫೈಲಿನ ಮೇಲೆ ಮೊದಲು ಅನುಮಾನ ಬಂತು. ಎಚ್‌ಟಿಟ್ರ್ಯಾಕ್ ಡಿಫಾಲ್ಟ್ ಆಗಿ ಅದರ ಮಾತು ಕೇಳುತ್ತದಲ್ಲ, ಅದನ್ನು ಆಫ್ ಮಾಡಿ ಓಡಿಸಿದೆ. ಏನೂ ವ್ಯತ್ಯಾಸ ಇಲ್ಲ. ಎಚ್‌ಟಿಟ್ರ್ಯಾಕ್ ಸೈಟಿಗೆ ಹೇಳಿಕೊಳ್ಳುವ ಹೆಸರು, ಬ್ರೌಸರ್ ಐಡಿ, ಅದನ್ನೂ ಬದಲಿಸಿದೆ. ಈ ಪುಣ್ಯಾತ್ಮ ಇನ್ನೂ ತಾನು ವಿಂಡೋಸ್ 98 ಅಂತ ಪರಿಚಯ ಹೇಳಿಕೊಳ್ಳುತ್ತಾನೆ, ಕೆಲವು ಸೈಟುಗಳು ಆ ಹೆಸರು ಕೇಳಿಯೇ 403, ಅಂದರೆ 'ಒಳಗೆ ಬಿಡಲ್ಲ' ಅನ್ನೋ ಉತ್ತರ ಕೊಟ್ಟು ಕಳಿಸುತ್ತವೆ. ಇಲ್ಲಿ ಅದೂ ಅಲ್ಲ. ಲಾಗ್ ಫೈಲಿನಲ್ಲಿ 'ಎರರ್' ಅಂತ ಹುಡುಕಿದರೆ, ಕೊನೆಯ ಆ '0 ಎರರ್' ಬಿಟ್ಟು ಒಂದೂ ಇಲ್ಲ.

ಕೊನೆಗೆ ಎಚ್‌ಟಿಟ್ರ್ಯಾಕ್ ಯಾವ ಫೈಲು ತರಬೇಕು, ಯಾವುದು ಬೇಡ ಅಂತ ಹೇಳುವ ಸ್ಕ್ಯಾನ್ ರೂಲ್ಸ್ ತೆರೆದೆ. ವಿಂಡೋಸ್ ಆವೃತ್ತಿಯಲ್ಲಿ ಅವರೇ ತುಂಬಿಸಿಟ್ಟ ಪಟ್ಟಿ ಅಲ್ಲಿರುತ್ತದೆ: ಪಿಎನ್‌ಜಿ, ಜಿಐಎಫ್, ಜೆಪಿಜಿ, ಸಿಎಸ್‌ಎಸ್, ಜೆಎಸ್. ಈ ಬಗೆಯ ಫೈಲು ಬೇರೆ ಸರ್ವರಿನಲ್ಲಿದ್ದರೂ ತರುತ್ತದೆ. ಹೊಸ ಪಾಠದ ಚಿತ್ರಗಳೆಲ್ಲ ವೆಬ್‌ಪಿ ಅನ್ನೋ ಬೇರೆ ಬಗೆಯ ಫೈಲು! ಸಾಫ್ಟ್‌ವೇರ್ 1998ರದ್ದು, ಗೂಗಲ್ ವೆಬ್‌ಪಿ ತಂದಿದ್ದು 2010ರಲ್ಲಿ. ಪಟ್ಟಿಯಲ್ಲಿ ಹೆಸರಿಲ್ಲದ ಬಗೆಯ ಫೈಲು ಹೊರಗಿನ ಸರ್ವರಿನಲ್ಲಿದ್ದರೆ ಅದು ತಿರುಗಿಯೂ ನೋಡುವುದಿಲ್ಲ. ರೂಲ್ ತಾ ಅಂತ ಹೇಳದ್ದನ್ನು ತರದೇ ಇರೋದು ಅದರ ಲೆಕ್ಕದಲ್ಲಿ ಎರರ್ ಅಲ್ಲವೇ ಅಲ್ಲ. ಹಾಗಾಗಿಯೇ ಆ ಸೊನ್ನೆ.

ಪ್ಲಸ್, ಸ್ಟಾರ್, ಡಾಟ್, ವೆಬ್‌ಪಿ. ಒಂದು ಸಾಲು ಸೇರಿಸಿದೆ, ಜೊತೆಗೆ ಎಸ್‌ವಿಜಿ ಬಗೆಯ ಚಿತ್ರಗಳಿಗೂ ಫಾಂಟ್ ಫೈಲುಗಳಿಗೂ ಒಂದೊಂದು. ಅಪ್‌ಡೇಟ್ ಕೊಟ್ಟಾಗ ಫೋಲ್ಡರ್ ದಪ್ಪ ಆಯ್ತು.

ಇನ್ನೊಂದು ಹೇಳಲೇಬೇಕು. ನೆಟ್ ಕೇಬಲ್ ಕಿತ್ತು ಪರೀಕ್ಷೆ ಮಾಡಿದೆ, ಎಲ್ಲ ಬಂತು. ಅನುಮಾನಕ್ಕೆ ಹಳೆಯ, ಕೆಟ್ಟ ಕಾಪಿಯನ್ನೂ ತೆರೆದೆ. ಅದರಲ್ಲೂ ಎಲ್ಲ ಬಂತು! ಬ್ರೌಸರ್ ಕ್ಯಾಶೆ. ಮೊದಲು ನೋಡಿದ್ದ ಚಿತ್ರಗಳನ್ನು ಜೋಪಾನ ಮಾಡಿಟ್ಟು ಅದೇ ತೋರಿಸುತ್ತಿತ್ತು. ಈಗ ಆ ಸೈಟನ್ನು ಒಮ್ಮೆಯೂ ತೆರೆಯದ, ನೆಟ್ ಇಲ್ಲದ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ. ಪಕ್ಕದ ಟೇಬಲ್ಲಿನವರು ಅದರಲ್ಲಿ ಕ್ರಿಕೆಟ್ ನೋಡಲು ವೈಫೈ ಹಾಕದಂತೆ ಕಾಯೋದೇ ಜಾಸ್ತಿ ಕಷ್ಟ.

ಶೀಟಿಗೆ 'ನೆಟ್ ಇಲ್ಲದೆ ನೋಡಿದ್ದೀರಾ?' ಅಂತ ಇನ್ನೊಂದು ಕಾಲಂ ಕೇಳಿದೆ. ಫಾರ್ಮ್ಯಾಟ್ ಬದಲಿಸಲು ಬರುವುದಿಲ್ಲವಂತೆ. ರಿಮಾರ್ಕ್ಸ್‌ನಲ್ಲಿ ಬರೆಯಿರಿ ಅಂದರು.

ಹೊಸ ಪೆನ್‌ಡ್ರೈವ್ ಕಳಿಸಿದ ಮೇಲೆ ಮೇಷ್ಟ್ರು ಫೋನ್ ಮಾಡಿದರು. ಚಿತ್ರ ಎಲ್ಲ ಬಂದಿವೆ, ವಿಡಿಯೋ ಓಡ್ತಿಲ್ಲ ಅಂದರು. ಅವು ಯೂಟ್ಯೂಬಿನವು ಸರ್, ಎಚ್‌ಟಿಟ್ರ್ಯಾಕಿಗೆ ಬರಲ್ಲ ಅಂದೆ.

"ಹಂಗಾದ್ರೆ ಆ ಕಪ್ಪು ಡಬ್ಬಿ ಯಾಕೆ ಇಟ್ಟಿದೀರಿ? ಮಕ್ಕಳು ಅದನ್ನೇ ಒತ್ತುತಾ ಕೂತಿದಾವೆ."