ಸಿಪ್ಪೆ, ಹೊಟ್ಟು, ಪಲ್ಯದ ಪಾತ್ರೆ

ಶನಿವಾರ, ಜನವರಿ 18, 2025
ಹಾಸನ

ಸಂಕ್ರಾಂತಿ ಮುಗಿದರೂ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ ಇನ್ನೂ ಇಳಿದಿಲ್ಲ. ಇವತ್ತು ಬೆಳಗ್ಗೆ ಸಿಕ್ಕಿದ್ದು ಒಳ್ಳೆ ಕಾಯಿ. ಮುಟ್ಟಿದರೆ ಬೆರಳಿಗೆ ಅಂಟು, ಮೂಗಿಗೆ ಸೊಗಡು. ಸೊಗಡಿಲ್ಲದ ಅವರೆಕಾಯಿ ತಂದರೆ ನಮ್ಮತ್ತೆ ಬಿಡಿಸುವುದಕ್ಕೂ ಕೂರುವುದಿಲ್ಲ. ಮೂರು ಕೇಜಿ ತಗೊಂಡೆ. ಜೊತೆಗೆ ಸಬ್ಬಸಿಗೆ, ದಂಟಿನ ಸೊಪ್ಪು, ಕೀರೆ, ಒಂದಷ್ಟು ಸೀಬೆಹಣ್ಣು. "ಅಕ್ಕಾ, ಮನೇಲಿ ಏನಾದ್ರೂ ಫಂಕ್ಷನ್ನಾ?" ಅಂತ ಸೊಪ್ಪಿನವಳು ಕೇಳಿದಳು. ಇಲ್ಲಮ್ಮ, ನಾಲ್ಕು ಜನಕ್ಕೇ, ಈಗ ನಮ್ಮನೆಯಲ್ಲಿ ಸೊಪ್ಪು ಇಷ್ಟು ಬೇಕು ಅಂದೆ.

ನಾರಿನಂಶದ ಅಡುಗೆ ನಮ್ಮಲ್ಲಿ ಶುರುವಾಗಿದ್ದು ದಸರಾ ಆದ ಮೇಲೆ. ನಮ್ಮನೆಯವರಿಗೆ ಶುಗರ್ ಬಾರ್ಡರಿನಲ್ಲಿದೆ ಅಂತ ರಿಪೋರ್ಟ್ ಬಂತು. ಅತ್ತೆಗೆ ಮೊದಲಿಂದಲೂ ಮಲಬದ್ಧತೆ. ಡಾಕ್ಟರು ಇಬ್ಬರಿಗೂ ಹೇಳಿದ್ದು ಒಂದೇ: ನಾರು ಜಾಸ್ತಿ ತಿನ್ನಿ, ನೀರು ಜಾಸ್ತಿ ಕುಡಿಯಿರಿ. ಅದನ್ನು ತಟ್ಟೆಗೆ ತರುವ ಕೆಲಸ ನನ್ನದಾಯಿತು. ಮನಸ್ಸಿಟ್ಟು ಮಾಡುತ್ತಿದ್ದೇನೆ.

ಗೊತ್ತಿದ್ದವರೆಲ್ಲ ಓಟ್ಸ್ ಮಾಡಿ ಅಂದರು. ಓಟ್ಸ್ ಒಳ್ಳೆಯದೇ, ಅದರ ನಾರು ಕೊಲೆಸ್ಟ್ರಾಲ್ ಇಳಿಸುತ್ತದೆ. ಆದರೆ ದಿನಾ ಬೆಳಗ್ಗೆ ಅದೇ ಗಂಜಿ ಮುಂದಿಟ್ಟರೆ ಯಾರಿಗೆ ತಾನೆ ಸೇರುತ್ತೆ? "ಇದು ಕಾಯಿಲೆಯವರ ಊಟ ಕಣಮ್ಮ, ನನಗೆ ಬೇಡ" ಅಂತ ಅತ್ತೆ ಬಟ್ಟಲು ತಳ್ಳಿದರು. ಅವರ ಮಾತು ನ್ಯಾಯವಾಗೇ ಇತ್ತು. ಎಪ್ಪತ್ತು ದಾಟಿದವರು ಇದ್ದಕ್ಕಿದ್ದಂತೆ ನಾಲಿಗೆ ಬದಲಾಯಿಸಿಕೊಳ್ಳಬೇಕು ಅನ್ನುವುದು ಸರಿಯಲ್ಲ. ಅವರ ನಾಲಿಗೆಗೆ ಗೊತ್ತಿರುವ ಊಟದಲ್ಲೇ ನಾರು ಎಲ್ಲೆಲ್ಲಿ ಇದೆ, ನಾವು ಅದನ್ನು ಎಲ್ಲೆಲ್ಲಿ ಕಳೆಯುತ್ತಿದ್ದೇವೆ ಅಂತ ನೋಡುತ್ತಾ ಹೋದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟಿದೆ ಅನ್ನುವ ದೊಡ್ಡ ಪಟ್ಟಿ ಹೊರತಂದಿದೆ. ಅದನ್ನು ಇಟ್ಟುಕೊಂಡು ಕೂತೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 11 ಗ್ರಾಂ. ಗೋಧಿ ಹಿಟ್ಟಿನಲ್ಲೂ ಸುಮಾರು ಅಷ್ಟೇ, ಮೈದಾದಲ್ಲಿ ಅಕ್ಕಿಯಷ್ಟೇ. ಹೆಸರುಬೇಳೆಯಲ್ಲಿ 9 ಗ್ರಾಂ ಚಿಲ್ಲರೆ, ಹೆಸರುಕಾಳಿನಲ್ಲಿ 17. ಕಡಲೆಬೇಳೆಯಲ್ಲಿ 15, ಇಡೀ ಕಡಲೆಕಾಳಿನಲ್ಲಿ 25. ಕಾಳು ಅದೇ, ಸಿಪ್ಪೆ ಹೋಯಿತು ಅಷ್ಟೇ. ಈ ಸಾಲು ಓದಿದ ಮೇಲೆ ನಮ್ಮನೆ ಡಬ್ಬಿಗಳ ಜಾಗ ಬದಲಾಯಿತು. ಬೇಳೆ ಡಬ್ಬಿ ಹಿಂದಕ್ಕೆ, ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆಕಾಳು ಮುಂದಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕಡಿಮೆ ಅಂದರೂ 25 ಗ್ರಾಂ ನಾರು ಬೇಕು, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು. ಜೊತೆಗೆ 400 ಗ್ರಾಂ ತರಕಾರಿ, ಹಣ್ಣು. ಕೇಳಿದರೆ ಹೆದರಿಕೆ ಆಗುತ್ತೆ. ಆದರೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲೇ 10 ಗ್ರಾಂ ದಾಟುತ್ತದೆ. ಮಧ್ಯಾಹ್ನ ಒಂದು ಮುದ್ದೆ, ಒಂದು ಬಟ್ಟಲು ಕಾಳು ಸೊಪ್ಪಿನ ಪಲ್ಯ, ಸಂಜೆ ಒಂದು ಸೀಬೆಹಣ್ಣು ಬೀಜದ ಸಮೇತ. ಅಲ್ಲಿಗೆ ಮುಕ್ಕಾಲು ಪಾಲು ದಾರಿ ಸವೆದ ಹಾಗೆ.

ಮುದ್ದೆ ವಿಷಯದಲ್ಲಿ ಒಂದು ಮಾತು. ಮಿಲ್ಲಿನಿಂದ ಬಂದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು, ಮೇಲೆ ನಿಂತ ಹೊಟ್ಟನ್ನು ಹಸುವಿಗೆ ಹಾಕುವುದು ಬಹಳ ಮನೆಗಳಲ್ಲಿ ರೂಢಿ. ಮುದ್ದೆ ನುಣ್ಣಗೆ ಬರಲಿ ಅಂತ. ಹಾಗೆ ಮಾಡಿದರೆ ರಾಗಿ ತಿಂದೂ ನಾರು ಬಿಟ್ಟ ಹಾಗೆ. ನಾನು ಈಗ ಮಿಲ್ಲಿನವರಿಗೆ ಎರಡು ಸಲ ಬೀಸಿ ಕೊಡಿ ಅನ್ನುತ್ತೇನೆ, ಮನೆಯಲ್ಲಿ ಜರಡಿ ಹಿಡಿಯುವುದಿಲ್ಲ. ಬಣ್ಣ ಸ್ವಲ್ಪ ಕಪ್ಪು, ಗಂಟಲಲ್ಲಿ ಇಳಿಯುವುದು ಸಲೀಸು. ಎಸರಿಗೆ ನೀರು ಒಂದು ಸೌಟು ಜಾಸ್ತಿ ಇಟ್ಟು, ಹಿಟ್ಟು ಚೆನ್ನಾಗಿ ಬೇಯಲು ಬಿಟ್ಟು ಕೋಲಿನಲ್ಲಿ ತಿರುವಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಮಕ್ಕಳಿಗೆ ಮಾಡುವ ರಾಗಿ ಸರಿಯನ್ನು ವಸ್ತ್ರಗಾಳಿತ ಮಾಡುತ್ತಾರಲ್ಲ, ಅದು ಹಸುಗೂಸಿನ ಹೊಟ್ಟೆಗೆ ಬೇಕು. ನಮಗೆ ಬೇಡ.

ಇವತ್ತಿನ ಅಡುಗೆ ಬಸ್ಸಾರು. ಹಾಸನದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಾರಿನ ಲೆಕ್ಕದಲ್ಲಿ ಇಷ್ಟು ಒಳ್ಳೆಯ ಅಡುಗೆ ನನಗೆ ಬೇರೆ ಕಂಡಿಲ್ಲ. ಬಿಡಿಸಿದ ಅವರೆಕಾಳನ್ನು ಉಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿದೆ. ಕುಕ್ಕರಿಗೆ ಹಾಕಲಿಲ್ಲ, ಎಳೆ ಕಾಳು ಕರಗಿಹೋಗುತ್ತದೆ. ಮುಕ್ಕಾಲು ಬೆಂದ ಮೇಲೆ ದಂಟು, ಕೀರೆ ಎರಡನ್ನೂ ಹೆಚ್ಚಿ ಹಾಕಿದೆ. ದಂಟಿನ ಕಾಂಡವನ್ನೂ ಬಿಸಾಡಲಿಲ್ಲ, ಸಣ್ಣಗೆ ಹೆಚ್ಚಿ ಸೊಪ್ಪಿಗಿಂತ ಮೊದಲೇ ಹಾಕಿದೆ. ಬೆಂದಿದ್ದನ್ನು ಬಸಿದು, ಕಟ್ಟನ್ನು ಬೇರೆ ತೆಗೆದಿಟ್ಟೆ. ಒಂದು ಹಿಡಿ ಬೆಂದ ಕಾಳು ಸೊಪ್ಪು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ತೆಂಗಿನಕಾಯಿ, ಹುಣಸೆಹಣ್ಣು ಇಷ್ಟನ್ನೂ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಸಾಸಿವೆ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ.

ಈಗ ಮುಖ್ಯ ವಿಷಯ. ನಾವೆಲ್ಲ ಬಸ್ಸಾರಿನ ಮನೆಯಲ್ಲಿ ಹುಟ್ಟಿದವರು. ಆದರೆ ಊಟ ಮಾಡುವುದು ಹೇಗೆ? ಮುದ್ದೆ ಮುಳುಗುವಷ್ಟು ಸಾರು, ತಟ್ಟೆ ಮೂಲೆಯಲ್ಲಿ ಒಂದು ಚಮಚ ಪಲ್ಯ. ಕಾಳಿನ ಸಿಪ್ಪೆ, ಸೊಪ್ಪಿನ ನಾರು ಎಲ್ಲ ಇರುವುದು ಪಲ್ಯದಲ್ಲಿ. ಹಾಗಾಗಿ ನಮ್ಮನೆಯಲ್ಲಿ ಪಲ್ಯಕ್ಕೆ ದೊಡ್ಡ ಪಾತ್ರೆ, ಸಾರಿಗೆ ಚಿಕ್ಕದು. ಪಲ್ಯವನ್ನು ಬಟ್ಟಲಿಗೆ ಹಾಕಿ ಕೊಡುತ್ತೇನೆ, ಮೊದಲು ಅದು, ಆಮೇಲೆ ಮುದ್ದೆ. ನಮ್ಮನೆಯವರು ಇವತ್ತು ತಾವಾಗೇ ಎರಡನೇ ಸಲ ಬಡಿಸಿಕೊಂಡರು. ಅನ್ನ ಒಂದೇ ಸೌಟು ಸಾಕು ಅಂದರು. ಒತ್ತಾಯ ಮಾಡುವ ಕಷ್ಟವೇ ಬರಲಿಲ್ಲ.

ಹುರುಳಿಕಟ್ಟಿಗೂ ಇದೇ ಮಾತು ಸಲ್ಲುತ್ತದೆ. ಹಿಂದೆ ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದರು. ಕಾಳು ಎತ್ತಿಗೆ, ಬಸಿದ ಕಟ್ಟು ಮನುಷ್ಯರ ಸಾರಿಗೆ. ಈಗ ಎತ್ತು ಇಲ್ಲದ ಮನೆಯಲ್ಲೂ ಕಟ್ಟಿಗೇ ಮರ್ಯಾದೆ ಜಾಸ್ತಿ. ನಾನು ಆ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಉಸಲಿ ಮಾಡುತ್ತೇನೆ. ಮೊಳಕೆ ಬರಿಸಿದ ಹುರುಳಿಯಾದರೆ ಇನ್ನೂ ಹಗುರ. ಈ ಚಳಿಯಲ್ಲಿ ಮೊಳಕೆ ಬರುವುದು ತಡ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಳದ ಪಾತ್ರೆಯಲ್ಲಿಟ್ಟು ಒಲೆಯ ಪಕ್ಕ ಬೆಚ್ಚಗಿಡಬೇಕು.

ಸಂಜೆ ಅತ್ತೆ ಉಳಿದ ಕಾಳನ್ನು ನೆನೆಹಾಕಿಸಿದರು, ನಾಳೆ ಹಿತಕಿದವರೆ ಸಾರಿಗೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ಬಹಳಷ್ಟು ನಾರು ಸಿಪ್ಪೆಯ ಗುಡ್ಡೆಗೆ ಹೋಗುತ್ತದೆ, ನಿಜ. ಹಾಗಂತ ಹಿತಕಿದವರೆ ಬೇಡ ಅನ್ನುವುದು ನನ್ನಿಂದ ಆಗದ ಮಾತು. ಆ ಸಾರಿನ ರುಚಿಗೆ ಸಾಟಿ ಇಲ್ಲ, ವರ್ಷದಲ್ಲಿ ಎರಡು ತಿಂಗಳು ಸಿಗುವ ಸುಖ ಅದು. ಅದರ ಪಕ್ಕಕ್ಕೆ ಬೇರೆ ಏನು ಇಡಬೇಕು ಅನ್ನುವುದಷ್ಟೇ ನನ್ನ ಯೋಚನೆ. ನಾಳೆ ಬಾಳೆದಿಂಡಿನ ಕೋಸಂಬರಿ ಇಡುತ್ತೇನೆ. ಪಕ್ಕದ ಮನೆಯವರು ಗೊನೆ ಕಡಿದ ಗಿಡದ ದಿಂಡು ಕೊಟ್ಟಿದ್ದಾರೆ.

ದಿಂಡು ಹೆಚ್ಚುವುದು ನನಗೆ ಬಹಳ ಇಷ್ಟದ ಕೆಲಸ. ಹೊರಗಿನ ಪಟ್ಟೆಗಳನ್ನು ಒಂದೊಂದೇ ಬಿಚ್ಚಿ, ಒಳಗಿನ ಬಿಳಿ ದಿಂಡು ಸಿಕ್ಕ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು. ಒಂದೊಂದು ಬಿಲ್ಲೆ ಕೊಯ್ದಾಗಲೂ ಜೇಡರ ಬಲೆಯಂಥ ನೂಲು ಏಳುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಬಿಲ್ಲೆಗಳನ್ನು ಪೇರಿಸಿ ಸಣ್ಣಗೆ ಹೆಚ್ಚಿ ತಕ್ಷಣ ಮಜ್ಜಿಗೆ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಆ ನೂಲೂ ನಾರೇ ಅಲ್ವಾ ಅಂತ ಮಗಳು ಕೇಳಿದಳು. ಹೌದು, ಆದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ದಿಂಡಿನೊಳಗೆ ಬೇಕಾದಷ್ಟಿದೆ, ನೂಲು ಹೋದರೆ ಹೋಗಲಿ ಅಂದೆ. ನೆನೆಸಿದ ಹೆಸರುಕಾಳು, ನಿಂಬೆಹಣ್ಣು, ಕೊತ್ತಂಬರಿ ಸೇರಿಸಿದರೆ ಆಯಿತು.

ನನ್ನ ತವರು ಸಕಲೇಶಪುರದ ಕಡೆ, ಅತ್ತೆಯದು ಅರಸೀಕೆರೆ ಕಡೆ. ಒಂದೇ ಜಿಲ್ಲೆ, ಎರಡು ಊಟ. ಅವರದು ರಾಗಿ, ಹುರುಳಿ. ನಮ್ಮದು ಅಕ್ಕಿರೊಟ್ಟಿ, ಕಡುಬು. ಅಕ್ಕಿಯಲ್ಲಿ ನಾರು ಕಡಿಮೆ ಅಂತ ಗೊತ್ತಾದ ಮೇಲೆ ರೊಟ್ಟಿ ಹಿಟ್ಟಿಗೆ ಅರ್ಧ ರಾಗಿ, ಕೈತುಂಬ ಸಬ್ಬಸಿಗೆ, ಬೆಂದ ಅವರೆಕಾಳು ಸೇರಿಸುತ್ತಿದ್ದೇನೆ. ಬಾಣಲೆಗೆ ತಟ್ಟುವಾಗ ಕಾಳು ಅಂಚಿನಲ್ಲಿ ಇಣುಕಬೇಕು, ಅಷ್ಟು ಜಾಸ್ತಿ. ಮಳೆಗಾಲ ಬಂದರೆ ಮಲೆನಾಡಿನ ಸರದಿ. ಕೆಸುವಿನೆಲೆಯ ಪತ್ರೊಡೆ, ದಿನಾ ನೀರು ಬದಲಾಯಿಸಿ ನೆನೆಸಿದ ಕಳಲೆ. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಹಲಸು. ಒಂದೊಂದು ಕಾಲಕ್ಕೆ ಒಂದೊಂದು ಸಿಗುವ ಊರಿನಲ್ಲಿ ವೈವಿಧ್ಯಕ್ಕಾಗಿ ಹುಡುಕಾಡಬೇಕಿಲ್ಲ. ಬೇರೆ ಬೇರೆ ನಾರು ತಿನ್ನುವುದರಿಂದ ಲಾಭವೂ ಇದೆ. ಕಾಳು, ಹಣ್ಣು, ಓಟ್ಸಿನಲ್ಲಿರುವ ಕರಗುವ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹೊಟ್ಟು, ಸೊಪ್ಪಿನ ಕಡ್ಡಿಯಲ್ಲಿರುವ ಕರಗದ ನಾರು ಮಲಕ್ಕೆ ಗಾತ್ರ ಕೊಟ್ಟು ಮುಂದೆ ತಳ್ಳುತ್ತದೆ. ನಮ್ಮನೆಯವರಿಗೆ ಮೊದಲನೆಯದು, ಅತ್ತೆಗೆ ಎರಡನೆಯದು. ಬಹಳ ಪದಾರ್ಥಗಳಲ್ಲಿ ಎರಡೂ ಕೂಡಿಯೇ ಇರುತ್ತವೆ, ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಅಡುಗೆ ಮಾಡುವ ಕೆಲಸವಿಲ್ಲ.

ಹೊಸದಾಗಿ ಶುರು ಮಾಡುವವರು ದಯವಿಟ್ಟು ಆತುರ ಮಾಡಬೇಡಿ. ಕಾಳು ಕಾಣದ ಹೊಟ್ಟೆಗೆ ಒಂದೇ ದಿನ ಎರಡು ಬಟ್ಟಲು ಕಾಳು ಹಾಕಿದರೆ ಗ್ಯಾಸ್ ಆಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವಾಗ ಗಾಳಿ ಹುಟ್ಟುತ್ತದೆ. ಅವು ಹೊಂದಿಕೊಳ್ಳಲು ಸಮಯ ಬೇಕು. ಅರ್ಧ ಬಟ್ಟಲಿಂದ ಶುರು ಮಾಡಿ. ಒಣಕಾಳಾದರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಒಗ್ಗರಣೆಗೆ ಇಂಗು, ಶುಂಠಿ ಇರಲಿ. ನೀರು ಮಾತ್ರ ಕಡಿಮೆ ಮಾಡಲೇಬೇಡಿ, ನೀರಿಲ್ಲದೆ ನಾರು ಜಾಸ್ತಿ ತಿಂದರೆ ಮಲಬದ್ಧತೆ ಇನ್ನೂ ಗಟ್ಟಿಯಾಗುತ್ತದೆ. ಅತ್ತೆ ನೀರು ಕುಡಿಯುವುದು ಮರೆಯುತ್ತಾರೆ. ಅವರು ಕೂರುವ ಜಾಗದ ಪಕ್ಕ ತಂಬಿಗೆ ಇಟ್ಟಿದ್ದೇನೆ, ಮಗಳು ಸ್ಕೂಲಿಂದ ಬಂದ ತಕ್ಷಣ ಖಾಲಿ ಆಗಿದೆಯಾ ಅಂತ ನೋಡುತ್ತಾಳೆ.

ಮಗಳ ಟಿಫಿನ್ ಡಬ್ಬಿಯದು ಇನ್ನೂ ಬಗೆಹರಿದಿಲ್ಲ. ಅವಳಿಗೆ ಬಿಸ್ಕತ್ತು ಬೇಕು. ನಾರಿನಂಶ ಇದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಪೊಟ್ಟಣವನ್ನು ಅಂಗಡಿಯಲ್ಲಿ ತಿರುಗಿಸಿ ತೋರಿಸಿದೆ. ಪದಾರ್ಥಗಳ ಸಾಲಿನಲ್ಲಿ ಮೊದಲ ಹೆಸರು ಮೈದಾ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಅವಳು ಓದಿ ಸುಮ್ನೆ ವಾಪಸ್ ಇಟ್ಟಳು. ಹಬ್ಬಕ್ಕೆ ತಂದ ಗೆಣಸು, ಕಡಲೆಕಾಯಿ ಇನ್ನೂ ಇದೆ. ಸೋಮವಾರ ಸಿಪ್ಪೆ ಸಮೇತ ಬೇಯಿಸಿದ ಗೆಣಸಿನ ಬಿಲ್ಲೆಗೆ ಕಾಯಿತುರಿ, ಚೂರು ಬೆಲ್ಲ ಹಾಕಿ ಕಳಿಸುತ್ತೇನೆ. ಜೊತೆಗೆ ಅವಳೇ ಕೇಳಿದ ಕಡಲೆಕಾಳಿನ ಉಸಲಿ, ಮಾವಿನಕಾಯಿ ಬದಲು ನಿಂಬೆಹಣ್ಣು ಹಿಂಡಿ. ಗೆಳತಿಯರಿಗೂ ಸೇರಿಸಿ ಹಾಕು ಅಂದಿದ್ದಾಳೆ, ಹಾಗಾದರೆ ಎರಡು ಪಾವು ನೆನೆಹಾಕಬೇಕು.